ಅಂಗೈಗೆ ಕೇಳಿಸಿದ ಫೈಟಿಂಗ್

ಸಿಂಧನೂರಿನ ಟಾಕೀಸಿನಲ್ಲಿ ಕೆಂಪು ಮೇಲಂಗಿಯ ಸೂಪರ್‌ಹೀರೊ ಖಳನ ಮೇಲೆ ಎರಗಿದ. ನೀಲಿ ಮಿಂಚು ಎಲ್ಲರ ಮುಖದ ಮೇಲೂ ಹೊಳೆದು ಹೋಯಿತು. ಜನ ಶಿಳ್ಳೆ ಹೊಡೆಯುತ್ತಿದ್ದರೂ ಹುಟ್ಟಿನಿಂದ ಕಿವಿ ಕೇಳದ ನನ್ನ ಮಗಳು ಸುಮ್ಮನೆ ಕುಳಿತಿದ್ದಳು. ನಮ್ಮ ಕೈಸನ್ನೆಯ ಮಾತನ್ನು ಗಮನಿಸಿದ್ದ ಪಕ್ಕದ ಸೀಟಿನ ತುರ್ವಿಹಾಳದ ತಾಯಿಯೊಬ್ಬರು ಚೀಲದಿಂದ ಬಲೂನು ತೆಗೆದು, ಊದಿ ಗಂಟು ಹಾಕಿ, ಅವಳ ಕೈಗಿಟ್ಟರು.

“ನನ್ನ ಮಗನೂ ಹಿಂಗ ಅದಾನ್ರಿ. ಪುಗ್ಗಾ ಹಿಡ್ಕೊಂಡ್ರ ಸಪ್ಪಳ ಕೈಗೆ ಗೊತ್ತಾಗತೈತಿ.”

ಹೀರೊ ಗುದ್ದಿದಾಗಲೆಲ್ಲ ಬಲೂನು ನಡುಗಿತು. ಅಲ್ಲಿಯವರೆಗೆ ಬರೀ ಕೆಂಪು ಬಟ್ಟೆ, ನೀಲಿ ಬೆಳಕಾಗಿದ್ದ ಹೊಡೆದಾಟ ಮಗಳ ಅಂಗೈಗೆ ಇಳಿದಿತ್ತು. ಅವಳು ನಕ್ಕಳು.

ಆ ತಾಯಿಗೆ ಕೈಮುಗಿದು ಲಿಂಗಸುಗೂರಿನ ಬಸ್ಸು ಹತ್ತಿದೆವು. ಎಂಜಿನ್ ಶುರುವಾಗುತ್ತಲೇ ಮಗಳು ಬಲೂನನ್ನು ನನ್ನ ಕೈಗಿಟ್ಟು, ನಿನಗೂ ಕೇಳಿಸಿತೇ ಎಂದು ಸನ್ನೆಯಲ್ಲಿ ಕೇಳಿದಳು.