ಹಲ್ಲಿನ ದವಾಖಾನಿಯ ಎಮ್ಮಿ

ಇಂಡಿಯಿಂದ ಮುದ್ದೇಬಿಹಾಳತನಕ ನನ್ನ ಬ್ರಶ್ ಮುಟ್ಟದ ಗ್ವಾಡಿ ಇಲ್ಲ. ಅಂಥಾ ನನಗ ಸಿಂದಗಿಯ ಹಲ್ಲಿನ ಡಾಕ್ಟರು ತಮ್ಮ ದವಾಖಾನಿ ಗ್ವಾಡಿಗೆ ಬರ್ಯಾಕ ಕರದು, ಚಿತ್ರ ಕಲಿಸಾಕ ಬಂದ್ರು.

“ಸುತ್ತ ಪ್ರಳಯ ಆಗ್ತಿರಬೇಕು, ನಡುವ ಒಂದು ಜೀವ ನಿಶ್ಚಿಂತಿಯಿಂದ ಇರಬೇಕು. ನೋಡಿದ ಪೇಷಂಟಿಗೆ ಅಂಜಿಕಿ ಹೋಗಬೇಕು. ಒಬ್ಬ ಋಷಿನ್ನ ಬರೀರಿ ಅಜ್ಜಾರ,” ಅಂದ್ರು.

“ಅಂಥಾ ಋಷಿನ್ನ ನಾ ಕಂಡಿಲ್ರಿ ಸಾಹೇಬ್ರ, ನಮ್ಮ ಎಮ್ಮಿನ್ನ ಕಂಡೇನಿ. ಡೋಣಿ ಹೊಳಿ ಊರೊಳಗ ಬಂದಾಗ ಕುತ್ತಿಗಿಮಟ ನೀರು, ಕೋಡಿಗೆ ನಾಗರಹಾವು ಸುತ್ತಿತ್ತು. ಅದು ಮೂರು ದಿನ ಮೆಲುಕು ಹಾಕ್ಕೋಂತ ನಿಂತಿತ್ತು.”

“ದವಾಖಾನ್ಯಾಗ ಎಮ್ಮಿ? ಮಂದಿ ನಗತಾರ.”

“ನಗಲಿ. ಋಷಿ ಬೇಕಂದ್ರ ಬ್ಯಾರೆ ಪೇಂಟರ್‌ನ ಕರೀರಿ,” ಅಂದು, ಇದ್ದಿಲು ತಗೊಂಡು ಗ್ವಾಡಿ ಮ್ಯಾಲೆ ಎಮ್ಮಿನ್ನ ಬರದೇ ಬಿಟ್ಟೆ.

ಡಾಕ್ಟರು ಸಿಟ್ಟಿನಿಂದ ಅರಿವಿ ತಂದು ಅಳಸಾಕ ಕೈ ಎತ್ತಿದ್ರು. ಅಷ್ಟರಾಗ, ಹಲ್ಲು ಕೀಳಸಾಕ ಅಂಜಿ ಅಳ್ಕೋಂತ ಕುಂತಿದ್ದ ಒಬ್ಬ ಮುದುಕಿ ಅಳೂದು ಬಿಟ್ಟು ಕೇಳಿದ್ಲು: “ಎಷ್ಟು ಹಾಲ ಕೊಡತೈತೋ ಯಪ್ಪಾ ಇದು?”

“ಹೊತ್ತಿಗೆ ಹತ್ತು ಲೀಟರ್, ಯವ್ವಾ.”

“ಏ, ಸುಳ್ಳ!” ಅಂತ ನಕ್ಕೋಂತ ಆಕಿ ತಾನ ಎದ್ದು ಹೋಗಿ ಡಾಕ್ಟರ ಕುರ್ಚಿ ಮ್ಯಾಲೆ ಕುಂತ್ಲು. ಡಾಕ್ಟರು ಅರಿವಿ ಕೆಳಗಿಟ್ರು.

ಹಾಲಿನ ಮಾತಿಗೆ ನಾ ಒಂದೀಟು ನೀರು ಬೆರೆಸಿದ್ದು ಖರೇ. ಆದ್ರ ಅಲ್ಲಿ ಋಷಿ ಇದ್ದಿದ್ರ ಆಕಿ ಕೈಮುಗದು ಮತ್ತ ಅಳಾಕ ಕುಂದರತಿದ್ಲು.