ಮೇಷ್ಟ್ರ ಕಾಲು ಹಾರ್ಮೋನಿಯಂ

ಯಲಹಂಕದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ನಾಟಕದ ಮೇಷ್ಟ್ರಿಗೆ ಸುಮ್ಮನೆ ಕೂರುವುದೇ ಗೊತ್ತಿರಲಿಲ್ಲ. ಊಟಕ್ಕೆ ಕೂತರೂ, ನೋಡುವವರಿಗೆ ಸಿಟ್ಟು ಬರುವಷ್ಟು ಕಾಲು ಆಡಿಸುತ್ತಿದ್ದರು. ಐವತ್ತರ ದಶಕದ ಆ ದಿನಗಳಲ್ಲಿ ಸುತ್ತಲಿನ ಯಾವ ಹಳ್ಳಿಯವರು ಪೌರಾಣಿಕ ನಾಟಕ ಕಟ್ಟಿದರೂ ಇವರ ಕಾಲು ಹಾರ್ಮೋನಿಯಂ ಬೇಕಿತ್ತು. ಹೊಲಿಗೆ ಯಂತ್ರದ ಹಾಗೆ ಕಾಲಿನಿಂದ ತುಳಿದು ಗಾಳಿ ತುಂಬುವ, ತೇಗದ ಮರದ ಹಳೆಯ ಪೆಟ್ಟಿಗೆ ಅದು. ಯಾರು ಎಷ್ಟೇ ಅವಸರ ಮಾಡಲಿ, “ಒಂದ್ನಿಮಿಷ, ಶ್ರುತಿ ನೋಡ್ಬಿಡ್ತೀನಿ” ಎನ್ನುತ್ತಿದ್ದರು.

ಮಂಡಿ ಸೋತ ಮೇಲೆ ಅದನ್ನು ರಾಜಾನುಕುಂಟೆಯ ನಾಟಕದವರಿಗೆ ಕೊಟ್ಟರು. ಎತ್ತಿನ ಗಾಡಿ ಬಂದು ನಿಂತ ದಿನವೂ ಅದೇ ಮಾತು. ಪೆಟ್ಟಿಗೆಗೆ ಹಗ್ಗ ಬಿಗಿದಾಗಲೆಲ್ಲ ಶ್ರುತಿ ನೋಡಲೆಂದು ಬಿಚ್ಚಿಸಿದರು. ಕೊನೆಗೆ ಅವರ ಹೆಂಡತಿ, “ಎತ್ಗಳು ಬಿಸ್ಲಲ್ಲಿ ನಿಂತಿವೆ ಕಣ್ರೀ, ಕಳಿಸ್ಕೊಡಿ” ಎಂದರು.

ಆಮೇಲೆ ಮನೆಯಲ್ಲಿ ನಿಲ್ಲಲಾರದೆ, ಒಂದು ಸಂಜೆ ನನ್ನನ್ನೂ ಎಳೆದುಕೊಂಡು ರಾಜಾನುಕುಂಟೆಯ ತಾಲೀಮಿಗೆ ಹೊರಟರು. ಜೀವಮಾನವೆಲ್ಲ ರಂಗದ ಪಕ್ಕದಿಂದಲೇ ನಾಟಕ ನೋಡಿದವರು ಅಂದು ಮೊದಲ ಸಲ ಎದುರಿಗೆ, ಮರಳಿನ ಮೇಲೆ ಹಾಕಿದ್ದ ಬೆಂಚಿನಲ್ಲಿ ಕೂತರು. ಹಾರ್ಮೋನಿಯಂ ನುಡಿಸುತ್ತಿದ್ದ ಹೊಸಬ ಗಾಳಿ ಸಾಲದೆ ತಡವರಿಸಿದಾಗ ನಮ್ಮ ಬೆಂಚು ಅಲ್ಲಾಡತೊಡಗಿತು.

ಹಾಡು ಮುಗಿದ ಮೇಲೆ ಅವನು ಕೇಳಿದ: “ಎಂಗೈತೆ ಮೇಷ್ಟ್ರೇ? ಬಂದು ಒಂದ್ಸಲ ಶ್ರುತಿ ನೋಡ್ತೀರಾ?”

“ಸರಿಯಾಗೈತೆ ಕಣಪ್ಪ, ನೀನು ನುಡಿಸು” ಎಂದು ಮೇಷ್ಟ್ರು ದಡಬಡನೆ ಎದ್ದು ನಡೆದರು.

ನನ್ನ ಚಪ್ಪಲಿ ಹುಡುಕಲು ಬಗ್ಗಿದೆ. ಅವರ ಕಾಲಿದ್ದ ಜಾಗದಲ್ಲಿ, ಮರಳಿನೊಳಗೆ, ಎರಡು ಗುಂಡಿ ಬಿದ್ದಿದ್ದವು.