ದೊಡ್ಡಣ್ಣನ ಲಾರಿ ತಡೆದವಳು

ಲಾರಿ ಕಂಪನಿಯ ಮಾಲೀಕನನ್ನು ಊರೆಲ್ಲ ದೊಡ್ಡಣ್ಣ ಎಂದೇ ಕರೆಯುತ್ತಿತ್ತು. ಅವಳೂ ಹಾಗೇ ಕರೆಯುತ್ತಿದ್ದಳು, ಗಂಡ ಸಾಯುವವರೆಗೆ.

ಗಂಡ ಅದೇ ಕಂಪನಿಯ ಡ್ರೈವರ್. "ಬ್ರೇಕ್ ಸವೆದಿದೆ ಅಂತ ಹೇಳಿ ಹೇಳಿ ಸಾಕಾಯ್ತು" ಎಂದು ಗೊಣಗುತ್ತಲೇ ಹೊರಟವನು ಗಡಿಯಾಚೆಯ ಘಾಟಿಯಲ್ಲಿ ಲಾರಿ ಸಮೇತ ಕಂದಕಕ್ಕೆ ಬಿದ್ದ. ವಿಚಾರಣೆಯಲ್ಲಿ ದೊಡ್ಡಣ್ಣ ಕಣ್ಣೊರೆಸಿಕೊಂಡು, "ಒಳ್ಳೆ ಹುಡುಗ. ಏನ್ಮಾಡೋದು, ಕುಡಿತ ಬಿಡ್ಲಿಲ್ಲ" ಅಂದ. ಗಂಡ ಜನ್ಮದಲ್ಲಿ ಕುಡಿದವನಲ್ಲ. ಲಾರಿ ನಮ್ಮದಲ್ಲ ಎಂದು ಆ ದೇಶದವರು, ಅಪಘಾತ ಇಲ್ಲಿ ಆಗಿಲ್ಲ ಎಂದು ಈ ದೇಶದವರು ಕೈ ತೊಳೆದುಕೊಂಡರು.

ಅವಳು ಅಣ್ಣನ ಮನೆಗೆ ಬಂದು ಅವನ ಗ್ಯಾರೇಜು ಸೇರಿದಳು. ಲಾರಿಗಳ ಅಡಿಯಲ್ಲಿ ಮಲಗಿ, ಮೈಯೆಲ್ಲ ಗ್ರೀಸು ಮಾಡಿಕೊಂಡು ಬ್ರೇಕಿನ ಕೆಲಸ ಕಲಿತಳು.

"ಇದೆಲ್ಲ ನಿಂಗ್ಯಾಕಮ್ಮ?" ಅಂದ ಅಣ್ಣ.

"ಆ ಮಾಲೀಕನಿಗೆ ನೀರು ಕುಡಿಸ್ಬೇಕು ಕಣಣ್ಣ."

ಕೆಲವು ವರ್ಷಗಳ ಮೇಲೆ ಎರಡೂ ದೇಶಗಳು ಒಪ್ಪಂದ ಮಾಡಿಕೊಂಡವು. ಗಡಿಯಲ್ಲಿ ಇಬ್ಬರಿಗೂ ಸೇರಿ ಒಂದೇ ತಪಾಸಣೆ. ಒಂದು ಗೇಟಿನಲ್ಲಿ ತಡೆದ ಲಾರಿ ರಿಪೇರಿಯಾಗದೆ ಇನ್ಯಾವ ಗೇಟನ್ನೂ ದಾಟುವಂತಿಲ್ಲ. ಕಳ್ಳತನದಲ್ಲಿ ದಾಟಲು ನೋಡಿದರೆ ಕಂಪನಿಯ ಪರ್ಮಿಟ್ಟೇ ರದ್ದು. ಅವಳು ಪರೀಕ್ಷೆ ಬರೆದು ಅಲ್ಲಿ ತಪಾಸಣೆಯ ಕೆಲಸ ಹಿಡಿದಳು.

ದೊಡ್ಡಣ್ಣನ ಮೊದಲ ಲಾರಿ ಬಂದಾಗ ಬ್ರೇಕ್ ಸರಿಯಾಗಿತ್ತು. ಮತ್ತೆ ಮತ್ತೆ ನೋಡಿದಳು. ಇಲ್ಲದ ದೋಷ ಬರೆಯಲು ಕೈ ತುರಿಸಿತು. ಸುಳ್ಳು ಹೇಳುವುದು ಅವನ ಕಸುಬು, ತನ್ನದಲ್ಲ ಎಂದುಕೊಂಡು ಬಿಟ್ಟು ಕಳಿಸಿದಳು. ಅಂದು ಊಟ ಸೇರಲಿಲ್ಲ. ಸುಮ್ಮನಿದ್ದ ಅತ್ತಿಗೆಯ ಮೇಲೆ ಹರಿಹಾಯ್ದಳು.

ಹಣ್ಣಿನ ಹಂಗಾಮಿನಲ್ಲಿ ಅವನು ಮತ್ತೆ ರಿಪೇರಿ ಮಾಡಿಸದೆ ಲಾರಿ ಓಡಿಸುವ ಹಳೇ ಚಾಳಿಗೆ ಬಿದ್ದ. ದ್ರಾಕ್ಷಿ ತುಂಬಿದ ಲಾರಿಯೊಂದು ಬಂತು. ಬ್ರೇಕ್ ಡ್ರಮ್ ಬಿರುಕು ಬಿಟ್ಟಿತ್ತು. ತಡೆದಳು. ದೊಡ್ಡಣ್ಣ ಕಾರಿನಲ್ಲಿ ಓಡಿಬಂದ. ಅವಳ ಗುರುತು ಹತ್ತಲಿಲ್ಲ.

"ತಂಗೀ, ಹಣ್ಣು ಕೊಳೆತುಹೋಗುತ್ತೆ. ಆ ಕಡೆ ಹೋಗಿ ರಿಪೇರಿ ಮಾಡಿಸ್ತೀನಿ, ಬಿಡಮ್ಮ."

"ನಿಮ್ಮ ಡ್ರೈವರ್ ಕುಡೀತಾನಾ?"

"ಛೆ ಛೆ! ಒಂದು ತೊಟ್ಟೂ ಇಲ್ಲ."

"ಹಾಗಾದ್ರೆ ಘಾಟಿಯಲ್ಲಿ ಬಿದ್ದು ಸತ್ರೆ ಈ ಸಲ ಏನು ಹೇಳ್ತೀರಿ, ದೊಡ್ಡಣ್ಣ?"

ಅವನು ಆಗ ಅವಳ ಮುಖ ನೋಡಿದ. ಗುರುತು ಹತ್ತಿತು. ಕಾರು ಹತ್ತಿ ಹೊರಟುಹೋದ.

ಆದರೂ ಬುದ್ಧಿ ಬರಲಿಲ್ಲ. ನಂಬರ್ ಪ್ಲೇಟು ಬದಲಿಸಿ ಅದೇ ಲಾರಿಯನ್ನು ದೂರದ ಗೇಟಿಗೆ ಕಳಿಸಿದ. ಅಲ್ಲಿನವರು ಲಾರಿಯ ಚೌಕಟ್ಟಿನ ಮೇಲೆ ಕೆತ್ತಿದ ಚಾಸಿ ನಂಬರ್ ನೋಡಿ ಹಿಡಿದರು. ಎರಡೂ ದೇಶಗಳಲ್ಲಿ ಕಂಪನಿಯ ಪರ್ಮಿಟ್ ಹೋಯಿತು. ಲಾರಿಗಳು ಒಂದೊಂದಾಗಿ ಮಾರಾಟವಾದವು. ಸುದ್ದಿ ಕೇಳಿದ ದಿನ ಅವಳು ಹೊಟ್ಟೆತುಂಬ ಉಂಡು, ಅತ್ತಿಗೆ ಎಬ್ಬಿಸುವವರೆಗೆ ಮಲಗಿದಳು.

ಕೆಲಸ ಕಳೆದುಕೊಂಡ ಆ ಲಾರಿಯ ಡ್ರೈವರ್ ಗೇಟಿಗೆ ಬಂದು ಕೂಗಾಡಿದ. "ನನ್ನ ಅನ್ನ ಕಿತ್ಕೊಂಡ್ಯಲ್ಲಮ್ಮಾ!"

"ಬೈಯಪ್ಪ. ಬೈಯೋಕೆ ಬದುಕಿದ್ದೀಯಲ್ಲ" ಅಂದಳು.

ಅವನನ್ನು ಕೂರಿಸಿ ಚಹಾ ಕೊಡಿಸಿ ಅಣ್ಣನ ಗ್ಯಾರೇಜಿಗೆ ಕೆಲಸಕ್ಕೆ ಕಳಿಸಿದಳು. ಗಂಡನ ಮೇಲಿನ ಕುಡುಕನೆಂಬ ಮಾತನ್ನು ಮಾತ್ರ ದೊಡ್ಡಣ್ಣ ಇವತ್ತಿಗೂ ಹಿಂದಕ್ಕೆ ತೆಗೆದುಕೊಂಡಿಲ್ಲ. ಅವಳ ಸಿಟ್ಟೂ ಇಳಿದಿಲ್ಲ.